ಮಲೆನಾಡಿನಲ್ಲಿ ಡೇರೆ ಹಾಕಲು ಜಾಗ ಆರಿಸುವ ಕ್ರಮ

ಪ್ರವಾಸದ ಜಾಹೀರಾತುಗಳಲ್ಲಿ ಕಾಣುವ ಡೇರೆ ಸಾಮಾನ್ಯವಾಗಿ ಗುಡ್ಡದ ತುತ್ತತುದಿಯ ಅಂಚಿನಲ್ಲಿರುತ್ತದೆ, ಇಲ್ಲವಾದರೆ ಹೊಳೆಯ ದಂಡೆಯಲ್ಲಿರುತ್ತದೆ. ಹಗಲು ಕುಳಿತು ನೋಡುವುದಕ್ಕೆ ಇವುಗಳಷ್ಟು ಚೆಂದದ ಜಾಗಗಳು ಮಲೆನಾಡಿನಲ್ಲಿ ಬೇರೆ ಇಲ್ಲ. ಆದರೆ ರಾತ್ರಿ ಮಲಗುವುದಕ್ಕೆ ಇವೆರಡೂ ಹೇಳಿ ಮಾಡಿಸಿದ ಜಾಗಗಳಲ್ಲ. ನೋಡುವ ಜಾಗವನ್ನೂ ಮಲಗುವ ಜಾಗವನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬೇಕು, ಎರಡನೆಯದನ್ನು ಆರಿಸುವಾಗ ನೋಟದ ಚೆಲುವನ್ನು ಕೊನೆಗಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಯ ಸಕಲೇಶಪುರ ಭಾಗ, ಶಿವಮೊಗ್ಗ ಮತ್ತು ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎರಡು ಮೂರು ರಾತ್ರಿ ಡೇರೆಯಲ್ಲಿ ಕಳೆಯಬೇಕೆಂದಿರುವ ಕುಟುಂಬಗಳಿಗೂ ಸ್ನೇಹಿತರ ಸಣ್ಣ ಗುಂಪುಗಳಿಗೂ ಅನುಕೂಲವಾಗುವಂತೆ ಆ ಆಯ್ಕೆಯ ವಿವರಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೆಲ ಯಾರದೆಂದು ತಿಳಿಯಬೇಕು

ಮಲೆನಾಡಿನಲ್ಲಿ ಯಾರಿಗೂ ಸೇರದ ನೆಲವೆಂಬುದು ಇಲ್ಲ. ಖಾಲಿ ಬಿದ್ದಂತೆ ಕಾಣುವ ಹುಲ್ಲುಗುಡ್ಡ ಅರಣ್ಯ ಇಲಾಖೆಯದೋ ಕಂದಾಯ ಇಲಾಖೆಯದೋ ಆಗಿರುತ್ತದೆ. ಅದೂ ಅಲ್ಲವಾದರೆ ಯಾರದೋ ಮನೆತನದ ಬ್ಯಾಣ, ಅಂದರೆ ಜಮೀನಿಗೆ ಸೇರಿದ ಹುಲ್ಲುಗಾವಲು, ಆಗಿರುತ್ತದೆ, ಕೊಡಗಿನಲ್ಲಾದರೆ ಅಂಥದೇ ಬಾಣೆಯಾಗಿರುತ್ತದೆ, ದಟ್ಟ ಮರಗಳ ಸಣ್ಣ ಕಾಡಾಗಿದ್ದರೆ ಊರಿನ ದೇವರಕಾಡೇ ಆಗಿರಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಪ್ರವಾಸಿಗರು ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ರಾತ್ರಿ ತಂಗುವುದಂತೂ ದೂರದ ಮಾತು. ಕುದುರೆಮುಖ ಶಿಖರಕ್ಕೆ ಚಾರಣ ಹೋದವರು ಸಂಜೆಯೊಳಗೆ ಕೆಳಗಿಳಿದು ಬರಲೇಬೇಕು. ಪುಷ್ಪಗಿರಿ ಅಭಯಾರಣ್ಯದ ಕುಮಾರ ಪರ್ವತದಲ್ಲಿ 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಸಾವಿರಾರು ಮಂದಿ ಒಟ್ಟಿಗೇ ಸೇರಿದ ಮೇಲೆ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದವರನ್ನು ಚಾರಣಕ್ಕೆ ಬಿಡಬಾರದೆಂದು ಸರ್ಕಾರ ತೀರ್ಮಾನಿಸಿತು. ಈಗ ಇಂಥ ಹಾದಿಗಳ ಟಿಕೆಟ್ಟನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಪಡೆಯಬೇಕು. ಶಿಖರದ ಕೆಳಗಿನ ಬಯಲಿನಲ್ಲಿ ಡೇರೆ ಹಾಕಿದ ಕಥೆಗಳನ್ನು ಹಳೆಯ ಚಾರಣ ಬರಹಗಳಲ್ಲಿ ಓದಿ, ಅದೇ ಉತ್ಸಾಹದಲ್ಲಿ ಬೆನ್ನಿಗೆ ಚೀಲ ಏರಿಸಿ ಹೊರಡುವವರು ತನಿಖಾ ಠಾಣೆಯಿಂದಲೇ ಹಿಂದಿರುಗಬೇಕಾಗುತ್ತದೆ.

ಹೀಗಾಗಿ ನಿಜವಾಗಿ ಉಳಿಯುವ ಆಯ್ಕೆಗಳು ಮೂರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ಮೊದಲನೆಯವು. ಕುದುರೆಮುಖದ ಭಗವತಿ, ಹೆಬ್ರಿ ಹತ್ತಿರದ ಸೀತಾನದಿ ಮೊದಲಾದ ಕಡೆ ಕಾಡಿಗೆ ಅಂಟಿಕೊಂಡೇ ಇರುವ ಈ ಶಿಬಿರಗಳಲ್ಲಿ ಜಾಗವನ್ನು ಬಲ್ಲ ಸಿಬ್ಬಂದಿ ಇರುತ್ತಾರೆ. ಎರಡನೆಯದು, ಕಾಫಿ ತೋಟದವರು ಅಥವಾ ಹೋಮ್‌ಸ್ಟೇಯವರು ತಮ್ಮ ಜಮೀನಿನಲ್ಲಿ ನಡೆಸುವ ಡೇರೆಗಳು. ಮೂರನೆಯದು, ಪರಿಚಯದ ರೈತರ ಮನೆಯ ಅಂಗಳ ಅಥವಾ ಹಿತ್ತಲು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ಮೂರನೆಯದಕ್ಕೇ ಮೊದಲ ಮತ ಹಾಕುತ್ತೇನೆ. ಮನೆಯೊಂದು ಕೂಗಳತೆಯಲ್ಲಿದ್ದರೆ ಅರ್ಧ ಅಪಾಯಗಳು ತಾವಾಗಿಯೇ ಕಡಿಮೆಯಾಗುತ್ತವೆ. ಹೋಮ್‌ಸ್ಟೇಯನ್ನು ಆರಿಸಿದರೆ ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಯಾವ ತಿಂಗಳು ಎಂಬುದರ ಮೇಲೆ ಜಾಗ

ಒಂದೇ ಜಾಗ ಒಂದು ತಿಂಗಳಿಗೆ ಒಳ್ಳೆಯದಾಗಿ ಇನ್ನೊಂದು ತಿಂಗಳಿಗೆ ಕೆಟ್ಟದಾಗುವುದು ಇಲ್ಲಿ ಸಾಮಾನ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಘಟ್ಟದ ಅಂಚಿನಲ್ಲಿ ಡೇರೆಯ ಯೋಚನೆಯನ್ನೇ ಕೈಬಿಟ್ಟು, ಹೆಂಚಿನ ಮಾಡಿನ ಕೆಳಗೆ ಮಳೆ ನೋಡುವುದು ಜಾಣತನ. ಅಕ್ಟೋಬರ್‌ನಲ್ಲಿ ಹಸಿರು ತುಂಬಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು ಮತ್ತು ಇಂಬಳಗಳು, ಅಂದರೆ ನೆಲದ ಜಿಗಣೆಗಳು, ಇನ್ನೂ ಪೂರ್ತಿ ಹೋಗಿರುವುದಿಲ್ಲ. ನವೆಂಬರ್ ನಡುವಿನಿಂದ ಫೆಬ್ರುವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ, ಚಳಿ ಹಿತವಾಗಿರುತ್ತದೆ. ಆದರೆ ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಇದೇ ಹೊತ್ತಿನಲ್ಲಿ ನಡೆಯುವುದರಿಂದ ತೋಟದವರ ಕಣ, ಅಂಗಳಗಳೆಲ್ಲ ಒಣಹಾಕಿದ ಬೆಳೆಯಿಂದ ತುಂಬಿರುತ್ತವೆ. ಮೊದಲೇ ಮಾತಾಡಿಕೊಳ್ಳದೆ ಹೋದರೆ ಮಟ್ಟಸವಾದ ಜಾಗವೊಂದೂ ಉಳಿದಿರುವುದಿಲ್ಲ. ಮಾರ್ಚ್ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಏಪ್ರಿಲ್ ಮೇ ತಿಂಗಳಲ್ಲಿ ಸಿಡಿಲಿನ ಭಯ.

ಹೊಳೆಯ ಹತ್ತಿರ ಎಂದರೆ ಎಷ್ಟು ಹತ್ತಿರ

ಘಟ್ಟದ ಹಳ್ಳಗಳ ಸ್ವಭಾವವನ್ನು ಬಯಲುಸೀಮೆಯಿಂದ ಬಂದವರು ಸುಲಭಕ್ಕೆ ನಂಬುವುದಿಲ್ಲ. ನಾವು ನಿಂತಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಕಣಿವೆಯಲ್ಲಿ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಕೆಂಪು ನೀರಾಗಿ ಕೆಳಗೆ ಬರುತ್ತದೆ, ಪಾದ ಮುಳುಗುವಷ್ಟಿದ್ದ ಹರಿವು ಎದೆಮಟ್ಟಕ್ಕೆ ಏರುತ್ತದೆ. ಹೊಳೆ ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದರ ಗುರುತು ದಂಡೆಯ ಮೇಲೆಯೇ ಇರುತ್ತದೆ. ನೀರಂಚಿನ ಪೊದೆಗಳಿಗೂ ಮರದ ಬೇರುಗಳಿಗೂ ಸಿಕ್ಕಿಕೊಂಡು ಒಣಗಿದ ಹುಲ್ಲಿನ ಎಳೆಗಳು, ಕಡ್ಡಿಕಸ, ಪ್ಲಾಸ್ಟಿಕ್ಕಿನ ಚಿಂದಿ ಯಾವ ಎತ್ತರದಲ್ಲಿ ನಿಂತಿವೆಯೋ, ಕಳೆದ ಪ್ರವಾಹ ಅಲ್ಲಿಯವರೆಗೆ ಬಂದಿತ್ತೆಂದು ಅರ್ಥ. ಒಮ್ಮೊಮ್ಮೆ ಅದು ತಲೆಯ ಮೇಲಿನ ಕೊಂಬೆಯಲ್ಲಿರುತ್ತದೆ. ಡೇರೆ ಆ ಗುರುತಿಗಿಂತ ಸಾಕಷ್ಟು ಮೇಲಿರಬೇಕು, ನೀರಿನಿಂದ ಕನಿಷ್ಠ 60 ಮೀಟರ್ ದೂರವಿರಬೇಕು. ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಅಥವಾ ಎರಡು ಕವಲುಗಳ ನಡುವಿನ ಕುದುರುಗಳಲ್ಲಿ ಡೇರೆ ಹಾಕಿಸುವ ಶಿಬಿರವಿದ್ದರೆ, ಋತು ಯಾವುದೇ ಇರಲಿ, ಬೇಡವೆನ್ನಿ.

ಅಣೆಕಟ್ಟಿನ ಕೆಳಗಿನ ನದಿಗಳದು ಇನ್ನೊಂದು ಲೆಕ್ಕ. ದಾಂಡೇಲಿ, ಗಣೇಶಗುಡಿ ಭಾಗದ ಕಾಳಿ ನದಿಯ ನೀರು ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಗಾಗಿ ಬಿಡುವ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಳೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಬೇಸಿಗೆಯ ತಿಳಿ ಆಕಾಶದ ಕೆಳಗೆ ನದಿ ಏಕಾಏಕಿ ಬೆಳೆಯಬಹುದಾದ ಊರುಗಳಲ್ಲಿ ನೀರು ಬಿಡುವ ಹೊತ್ತನ್ನು ಸ್ಥಳೀಯರಿಂದ ಕೇಳಿಕೊಳ್ಳದೆ ದಂಡೆಗೆ ಇಳಿಯಬಾರದು.

ಹೊಳೆಯಿಂದ ದೂರವಿರಬೇಕೆನ್ನಲು ಇನ್ನೆರಡು ಕಾರಣಗಳಿವೆ. ಕತ್ತಲಾದ ಮೇಲೆ ನೀರಿಗೆ ಬರುವ ಪ್ರಾಣಿಗಳ ದಾರಿಗೆ ನಾವು ಅಡ್ಡ ಕೂರಬಾರದು ಎಂಬುದು ಒಂದು. ಜೋರಾಗಿ ಹರಿಯುವ ನೀರಿನ ಪಕ್ಕದಲ್ಲಿ ಮಲಗಿದವರಿಗೆ ಬೇರೆ ಯಾವ ಸದ್ದೂ ಕೇಳಿಸುವುದಿಲ್ಲ ಎಂಬುದು ಇನ್ನೊಂದು. ಬಿದಿರು ಮುರಿಯುವ ಸದ್ದಾಗಲಿ, ಮನೆಯವರು ಕರೆಯುವ ಕೂಗಾಗಲಿ ಕಿವಿಗೆ ಬೀಳದಿದ್ದರೆ, ಎಚ್ಚರವಾಗುವ ಹೊತ್ತಿಗೆ ತಡವಾಗಿರುತ್ತದೆ.

ಧರೆಯ ಬುಡದಲ್ಲಿ ಮಲಗಬಾರದು

ಗುಡ್ಡವನ್ನು ಲಂಬವಾಗಿ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ಮಲೆನಾಡಿನವರು ಧರೆ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಶಿಬಿರಕ್ಕೆಂದು ಜೆಸಿಬಿ ತಂದು ಇಳಿಜಾರನ್ನು ಕಡಿದು, ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಿ, ಪ್ರತಿ ಮೆಟ್ಟಿಲಿನ ಮೇಲೂ ಡೇರೆ ನಿಲ್ಲಿಸುವುದು ಹೆಚ್ಚಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮಾದಾಪುರ, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಜಾರಿದಾಗ, ರಸ್ತೆಗೂ ಮನೆಗೂ ಇಳಿಜಾರನ್ನು ನೇರವಾಗಿ ಕಡಿದದ್ದು ಒಂದು ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಮರುವರ್ಷ ಮೂಡಿಗೆರೆ ತಾಲ್ಲೂಕಿನ ಹಳ್ಳಿಗಳಲ್ಲೂ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲೂ ಗುಡ್ಡ ಕುಸಿದದ್ದನ್ನು ಓದುಗರು ಮರೆತಿರಲಾರರು.

ಧರೆಯೊಂದನ್ನು ನೋಡಿ ಅಂದಾಜು ಮಾಡಲು ಭೂವಿಜ್ಞಾನ ಕಲಿತಿರಬೇಕೆಂದಿಲ್ಲ. ಅದರ ಮೇಲಂಚಿನ ಮರಗಳು ನೆಟ್ಟಗಿವೆಯೋ ಹೊರಕ್ಕೆ ವಾಲಿವೆಯೋ ನೋಡಿ. ಅಂಚಿನಿಂದ ಹಿಂದಕ್ಕೆ ನಡೆದು, ನೆಲದಲ್ಲಿ ಧರೆಗೆ ಸಮಾನಾಂತರವಾಗಿ ಓಡಿದ ಬಿರುಕುಗಳಿವೆಯೇ ಎಂದು ಹುಡುಕಿ. ಕೆಲವು ಕಡೆ ಆ ಬಿರುಕಿಗೆ ಮಣ್ಣು ತುಂಬಿ ಹುಲ್ಲು ಬೆಳೆಸಿರುತ್ತಾರೆ, ಆದರೆ ಪಾದಕ್ಕೆ ತಗ್ಗು ತಿಳಿಯುತ್ತದೆ. ಧರೆಯ ಬುಡದಲ್ಲಿ ಒರತೆಯಂತೆ ನೀರು ಜಿನುಗುತ್ತಿದ್ದರೆ, ಅದೂ ಕೆಸರು ಬೆರೆತ ನೀರಾಗಿದ್ದರೆ, ಅಲ್ಲಿ ಹಗಲು ಕೂಡ ಕುಳಿತುಕೊಳ್ಳಬೇಡಿ. ಗಿಡ ಮೂಡದ ಹಸಿ ಕೆಂಪು ಮಣ್ಣು ಎಂದರೆ ಧರೆ ಕಡಿದು ಒಂದು ಮಳೆಗಾಲವೂ ಕಳೆದಿಲ್ಲವೆಂದು ತಿಳಿಯಬೇಕು. ಧರೆ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರದಲ್ಲಿ ಡೇರೆ ಇರಲಿ. ಮಳೆಯ ಮುನ್ಸೂಚನೆ ಇದ್ದರೆ ಆ ಜಾಗವನ್ನೇ ಬಿಟ್ಟುಬಿಡಿ.

ಆನೆಯ ದಾರಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಮತ್ತು ಕೊಡಗಿನ ಬಹುಭಾಗಗಳಲ್ಲಿ ಆನೆಗಳು ಕಾಡಿನಲ್ಲಿದ್ದು ಆಗಾಗ ತೋಟಕ್ಕೆ ಬರುತ್ತವೆ ಎಂದು ತಿಳಿದರೆ ಸಾಲದು. ಅನೇಕ ಆನೆಗಳು ವರ್ಷವಿಡೀ ಕಾಫಿ ತೋಟಗಳಲ್ಲೇ ಇರುತ್ತವೆ. ಹಗಲು ಕಾಫಿ ಗಿಡಗಳ ಮರೆಯಲ್ಲಿ ನಿಂತು ಕತ್ತಲಾದ ಮೇಲೆ ನಡೆಯುವ ಗುಂಪು ಐವತ್ತು ಮೀಟರ್ ದೂರದಲ್ಲಿದ್ದರೂ ಹೊಸಬರಿಗೆ ಗೊತ್ತಾಗುವುದಿಲ್ಲ. ಕೊಡಗಿಗೆ ತಾಗಿದ ವಯನಾಡಿನ ಮೇಪ್ಪಾಡಿಯಲ್ಲಿ 2021ರ ಜನವರಿಯಲ್ಲಿ ಖಾಸಗಿ ರೆಸಾರ್ಟೊಂದರ ಡೇರೆಯಲ್ಲಿ ತಂಗಿದ್ದ ಪ್ರವಾಸಿಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ಆದ್ದರಿಂದ ಈ ಸೀಮೆಯಲ್ಲಿ ಜಾಗ ಆರಿಸುವಾಗ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೇ ಕೊಡಬೇಕು.

‘ಇಲ್ಲಿ ಆನೆ ಬರುತ್ತವೆಯೇ?’ ಎಂದು ಕೇಳಿದರೆ ವ್ಯವಹಾರ ಕೈತಪ್ಪೀತೆಂದು ಯಾರಾದರೂ ಇಲ್ಲ ಎಂದುಬಿಡುತ್ತಾರೆ. ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು: ‘ಕಳೆದ ಸಲ ಆನೆ ಬಂದದ್ದು ಯಾವಾಗ? ಯಾವ ಕಡೆಯಿಂದ ಬಂದು ಯಾವ ಕಡೆ ದಾಟಿತು? ಒಂಟಿ ಸಲಗವೋ ಗುಂಪೋ?’ ಈ ಪ್ರಶ್ನೆಯನ್ನು ಮಾಲೀಕರ ಬಳಿ ಒಮ್ಮೆ ಕೇಳಿ, ಆಮೇಲೆ ತೋಟದ ಲೆಕ್ಕ, ಮೇಲ್ವಿಚಾರಣೆ ನೋಡುವ ರೈಟರ ಬಳಿಯೋ ಲೈನ್ ಮನೆಯಲ್ಲಿರುವ ಕೆಲಸದವರ ಬಳಿಯೋ ಇನ್ನೊಮ್ಮೆ ಕೇಳುವುದು ಒಳ್ಳೆಯದು. ಬೆಳಗ್ಗೆ ಕತ್ತಲಿರುವಾಗಲೇ ತೋಟಕ್ಕೆ ನಡೆದು ಹೋಗುವವರು ಅವರೇ ಆದ್ದರಿಂದ ಆನೆಯ ಓಡಾಟ ಅವರಿಗೆ ಬಾಯಿಪಾಠವಾಗಿರುತ್ತದೆ. ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗಳಿದ್ದು, ಆನೆಗಳು ಇರುವ ಜಾಗವನ್ನು ಊರವರ ಮೊಬೈಲಿಗೆ ತಿಳಿಸುತ್ತವೆ. ಆ ಸಂದೇಶ ಬರುವ ಮನೆಯವರ ಜೊತೆ ಸಂಜೆ ಮಾತಾಡಿದರೆ ಆ ರಾತ್ರಿಯ ಮಟ್ಟಿಗೆ ಡೇರೆಯೋ ಕೋಣೆಯೋ ಎಂಬುದನ್ನು ತೀರ್ಮಾನಿಸಬಹುದು.

ನೆಲವೂ ಸುದ್ದಿ ಹೇಳುತ್ತದೆ. ತಲೆಗಿಂತ ಎತ್ತರದಲ್ಲಿ ಮರದ ಕಾಂಡಕ್ಕೆ ಕೆಸರು ಮೆತ್ತಿಕೊಂಡು ತೊಗಟೆ ನುಣುಪಾಗಿದ್ದರೆ ಅಲ್ಲಿ ಆನೆ ಮೈ ಉಜ್ಜಿದೆ. ಬೈನೆ ಮರ ಸೀಳಿ ಬಿದ್ದಿದ್ದರೆ, ಬಾಳೆಯ ದಿಂಡು ಬಗೆದಿದ್ದರೆ, ಲದ್ದಿಯಲ್ಲಿ ಹಲಸಿನ ಬೀಜವೋ ಕಾಫಿ ಹಣ್ಣಿನ ಸಿಪ್ಪೆಯೋ ಕಂಡರೆ ಅದು ಬರೀ ದಾರಿಯಲ್ಲ, ಊಟದ ಜಾಗ. ಸೋಲಾರ್ ಬೇಲಿ ಇದೆಯೆಂಬ ಮಾತನ್ನು ಕೇಳಿ ಸುಮ್ಮನಾಗದೆ ಬೇಲಿಯ ಉದ್ದಕ್ಕೆ ಸ್ವಲ್ಪ ದೂರ ನಡೆದು ನೋಡಿ: ತಂತಿಗೆ ಬಳ್ಳಿ, ಲಂಟಾನ ತಾಗಿಕೊಂಡಿದ್ದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತಿರುತ್ತದೆ, ಬೇಲಿ ಹೆಸರಿಗೆ ಮಾತ್ರ ಉಳಿದಿರುತ್ತದೆ. ಒಣ ಮರವನ್ನು ತಂತಿಯ ಮೇಲೆ ಬೀಳಿಸಿಯೋ ದಂತದಿಂದ ತಂತಿ ಮೀಟಿಯೋ ದಾಟಲು ಕಲಿತ ಆನೆಗಳಿಗೆ ಒಳ್ಳೆಯ ಬೇಲಿಯೂ ಪೂರ್ತಿ ತಡೆಯಲ್ಲ. ಕಂದಕ ಅಥವಾ ರೈಲು ಕಂಬಿಯ ತಡೆಗೋಡೆ ಎಲ್ಲಿ ಮುಗಿಯುತ್ತದೆಯೋ ಆ ತುದಿಯಂತೂ ಡೇರೆಗೆ ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ದಾಟಲು ದಾರಿ ಹುಡುಕುತ್ತ ಬಂದ ಆನೆ ಅಲ್ಲಿಯೇ ತಿರುಗುತ್ತದೆ.

ಏಪ್ರಿಲ್‌ನಿಂದ ಜೂನ್‌ವರೆಗೆ ಹಲಸಿನ ಮರದ ಹತ್ತಿರ, ಭತ್ತ ತೆನೆಗಟ್ಟುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗದ್ದೆಯ ಅಂಚಿನಲ್ಲಿ ಡೇರೆ ಬೇಡ. ಅಕ್ಕಿ, ಬೆಲ್ಲ, ಹಣ್ಣು, ಉಪ್ಪು ಯಾವುದನ್ನೂ ಡೇರೆಯೊಳಗೆ ಇಟ್ಟುಕೊಳ್ಳದೆ ಮನೆಯೊಳಗೆ ಇರಿಸಬೇಕು. ಕಾಟಿಗಳು, ಅಂದರೆ ಕಾಡುಕೋಣಗಳು, ಕುದುರೆಮುಖ ಮತ್ತು ಭದ್ರಾ ಸೀಮೆಯಲ್ಲಿ ಹೆಚ್ಚು; ಅವುಗಳ ಕಾಲುದಾರಿಯಿಂದ ದೂರ ಉಳಿದರೆ ತೊಂದರೆ ಅಪರೂಪ.

ಗಾಳಿ, ಚಳಿ, ಸಿಡಿಲು

ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುವುದರಿಂದ ಗುಡ್ಡದ ಮೇಲೆ ಚಳಿ ಹೆಚ್ಚೆಂದು ಎಲ್ಲರೂ ಊಹಿಸುತ್ತಾರೆ. ಆದರೆ ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ತಂಪಾದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಮಂಜು ತುಂಬಿರುವ ತಗ್ಗುಗಳನ್ನು ಮೇಲಿನಿಂದ ನೋಡಿದರೆ ಅದು ಸ್ಪಷ್ಟವಾಗುತ್ತದೆ. ತುದಿಯಲ್ಲಿ ಗಾಳಿ, ತಳದಲ್ಲಿ ಥಂಡಿ. ಇವೆರಡರ ನಡುವೆ, ಇಳಿಜಾರಿನ ಅರ್ಧದಲ್ಲಿ ಸಿಗುವ ಸಹಜ ಮಟ್ಟಸ ಜಾಗವೇ ಮಲಗಲು ಹಿತ. ಡಿಸೆಂಬರ್ ಜನವರಿಯಲ್ಲಿ ಮೂಡಗಾಳಿ ಬೀಸುವುದರಿಂದ ಪೂರ್ವಕ್ಕೆ ಪೂರ್ತಿ ತೆರೆದ ಕಣಿವೆಬಾಯಿಯಲ್ಲಿ ಡೇರೆಯ ಹಗ್ಗಗಳು ರಾತ್ರಿಯಿಡೀ ಬಡಿದುಕೊಳ್ಳುತ್ತವೆ; ಹಾಗೆಂದು ಪಶ್ಚಿಮಕ್ಕೆ ಸರಿದರೆ ಬೆಳಗಿನ ಬಿಸಿಲು ತಡವಾಗಿ ಬಂದು ಇಬ್ಬನಿಯಲ್ಲಿ ತೊಯ್ದ ಡೇರೆ ಹತ್ತು ಗಂಟೆಯವರೆಗೂ ಒಣಗುವುದಿಲ್ಲ. ಪೂರ್ವ ಅಥವಾ ಆಗ್ನೇಯಕ್ಕೆ ಮುಖವಿದ್ದು, ಮುಂದೆ ಪೊದೆಗಳ ಸಾಲೊಂದು ಗಾಳಿಯನ್ನು ಮುರಿಯುವಂತಿದ್ದರೆ ಎರಡೂ ಕೆಲಸ ಆಗುತ್ತದೆ.

ಸಿಡಿಲಿನ ವಿಷಯದಲ್ಲಿ ರಾಜಿ ಸಲ್ಲದು. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಬೋಳು ಗುಡ್ಡದ ನೆತ್ತಿ, ಒಂಟಿ ಮರದ ಬುಡ, ಮೊಬೈಲ್ ಗೋಪುರದ ಪಕ್ಕ ಇವು ಮೂರೂ ವರ್ಜ್ಯ. ಡೇರೆಯ ಬಟ್ಟೆ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಪಕ್ಕಾ ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಹೋಗಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಹಾಗೆ ಓಡಲು ಕಟ್ಟಡವೇ ಇಲ್ಲದ ಕಡೆ ಆ ತಿಂಗಳುಗಳಲ್ಲಿ ಡೇರೆ ಹಾಕಬಾರದು.

ಹಾಸಿಗೆಯಷ್ಟು ನೆಲ

ದೊಡ್ಡ ಸಂಗತಿಗಳೆಲ್ಲ ಸರಿ ಎನಿಸಿದ ಮೇಲೆ ಡೇರೆ ನಿಲ್ಲುವ ಆರೇಳು ಅಡಿ ನೆಲವನ್ನು ನೋಡಬೇಕು. ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆ, ಮುರಿದು ಇನ್ನೊಂದಕ್ಕೆ ಸಿಕ್ಕಿ ನೇತಾಡುವ ಕೊಂಬೆ, ಕಾಯಿ ಬಿಟ್ಟ ಹಲಸು ಅಥವಾ ತೆಂಗು ಮೇಲಿದ್ದರೆ ಅಲ್ಲಿಂದ ಸರಿಯಬೇಕು. ಪೂರ್ತಿ ಬಯಲಿನಲ್ಲಿ ಇಬ್ಬನಿ ಹೆಚ್ಚು, ದೊಡ್ಡ ಮರದ ಕೆಳಗೆ ಅಪಾಯ ಹೆಚ್ಚು. ಗಟ್ಟಿಯಾದ ಸಣ್ಣ ಮರಗಳ ನೆರಳಿನ ಅಂಚು ಒಳ್ಳೆಯ ನಡುದಾರಿ. ಆಮೇಲೆ ನೆಲ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹಾಸು ಇದ್ದಲ್ಲಿ ಗೂಟ ಇಳಿಯುವುದಿಲ್ಲ. ಕೊಯ್ಲಾದ ಗದ್ದೆ ಮಟ್ಟಸವಾಗಿ ಕಂಡರೂ ತೇವ ಹಿಡಿದಿರುತ್ತದೆ, ಬದುವಿನಲ್ಲಿ ಇಲಿಬಿಲಗಳಿರುತ್ತವೆ, ಇಲಿ ಇದ್ದ ಕಡೆ ಹಾವು ಬರುತ್ತದೆ. ಹುತ್ತ, ಸೌದೆಯ ರಾಶಿ, ಕಲ್ಲುಗುಪ್ಪೆಗಳಿಂದಲೂ ದೂರವಿರಬೇಕು. ಬಟ್ಟಲಿನಂಥ ತಗ್ಗಿನಲ್ಲಿ ಒಂದು ಮಳೆ ಬಂದರೂ ನೀರು ನಿಲ್ಲುತ್ತದೆ. ನೀರು ಹರಿದು ಹೋಗುವಷ್ಟು ಸಣ್ಣ ಇಳಿಜಾರು ಇರಲಿ, ತಲೆ ಮೇಲ್ಬದಿಗೆ ಬರಲಿ. ಡೇರೆ ಬಿಚ್ಚುವ ಮೊದಲು ಆ ನೆಲದ ಮೇಲೆ ಐದು ನಿಮಿಷ ಮಲಗಿ ನೋಡಿದರೆ ಬೆನ್ನಿಗೆ ಚುಚ್ಚುವ ಬೇರು, ಕಲ್ಲು ಎಲ್ಲವೂ ಗೊತ್ತಾಗುತ್ತವೆ.

ಇಂಬಳ ರಕ್ತ ಹೀರುತ್ತದೆಯೇ ಹೊರತು ರೋಗ ತರುವುದಿಲ್ಲವೆಂದು ಮಲೆನಾಡಿಗರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪು ಅವರ ಮದ್ದು. ಉಣುಗಿನ, ಅಂದರೆ ದನಕರುಗಳಿಗೆ ಅಂಟುವ ಉಣ್ಣೆಯ, ವಿಷಯ ಹಾಗಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಹರಡುವುದು ಉಣುಗಿನಿಂದ, ಅದರ ಕಾಲ ಡಿಸೆಂಬರ್‌ನಿಂದ ಮೇ ತಿಂಗಳು. ಅಂದರೆ ಪ್ರವಾಸಿಗರು ಬರುವ ಕಾಲವೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತರಗೆಲೆ ದಪ್ಪವಾಗಿ ಬಿದ್ದಿರುವ ಕಾನಿನ (ದಟ್ಟ ಕಾಡಿನ) ಅಂಚು, ದನಗಳು ದಿನವೂ ಹಾಯುವ ದಾರಿ ಇವುಗಳ ಬದಲು ಗುಡಿಸಿ ಇಟ್ಟ ಅಂಗಳವನ್ನೇ ಆರಿಸಬೇಕು. ಸುತ್ತಮುತ್ತ ಮಂಗ ಸತ್ತು ಬಿದ್ದ ಸುದ್ದಿ ಇದೆಯೇ ಎಂದು ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ತಿಳಿಯುತ್ತದೆ. ಇದ್ದರೆ ಬೇರೆ ಊರಿಗೆ ಹೋಗುವುದೇ ಸರಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಓಡಾಡುವುದು ಸ್ಥಳೀಯರ ರೂಢಿ. ಊರಿಗೆ ಮರಳಿದ ವಾರದೊಳಗೆ ಜ್ವರ ಬಂದರೆ ಎಲ್ಲಿ ತಂಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಕುಡಿಯುವ ನೀರು, ಶೌಚ, ಬೆಂಕಿ

ಬೆಟ್ಟದ ನೀರು ಎಂದಾಕ್ಷಣ ಶುದ್ಧವೆಂದು ಬೊಗಸೆಗೆ ತುಂಬಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗಳ ತೊಳೆದ ನೀರು ಸರಿಯಾಗಿ ಸಂಸ್ಕರಣೆಯಾಗದೆ ಹಳ್ಳ ಸೇರಿದರೆ, ಕೆಳಗಿನ ಹರಿವು ಹುಳಿವಾಸನೆ ಹೊಡೆದು ಕಂದುಬಣ್ಣಕ್ಕೆ ತಿರುಗುತ್ತದೆ. ಅಡಿಕೆ ತೋಟಗಳಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲೂ ತೋಟದ ಕೆಳಗಿನ ನೀರು ಬೇಡ. ಮಲೆನಾಡಿನ ಹಳೆಯ ಮನೆಗಳಿಗೆ ಮೇಲಿನ ಕಾಡಿನಿಂದ ಅಬ್ಬಿ ನೀರು, ಅಂದರೆ ಝರಿಯ ನೀರು, ಬರುತ್ತದೆ, ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ. ಅಂಥ ಮನೆಯ ಹತ್ತಿರವಿದ್ದು, ಆ ನೀರನ್ನೂ ಕುದಿಸಿ ಕುಡಿಯುವುದು ಸುರಕ್ಷಿತ.

ಶೌಚಾಲಯ ಇದ್ದರೆ ಅದರ ಗುಂಡಿ ಬಾವಿಗಿಂತ ಕೆಳಗಿದೆಯೇ ಎಂದು ನೋಡಿದರೆ ಸಾಕು, ಶಿಬಿರ ನಡೆಸುವವರ ಜವಾಬ್ದಾರಿ ಎಷ್ಟೆಂದು ತಿಳಿಯುತ್ತದೆ. ಇಲ್ಲದಿದ್ದರೆ ನೀರಿನಿಂದ 60 ಮೀಟರ್ ಆಚೆ ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ಕ್ಯಾಂಪ್‌ಫೈರ್ ಇದೆಯೆಂಬುದನ್ನೇ ಆಕರ್ಷಣೆಯಾಗಿ ಹೇಳುವ ಜಾಗಗಳ ಬಗ್ಗೆ ನನಗೆ ಅನುಮಾನ. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಕಾಯ್ದೆಯ ಪ್ರಕಾರ ಅಪರಾಧ. ಖಾಸಗಿ ಜಮೀನಿನಲ್ಲೂ ಫೆಬ್ರುವರಿ ನಂತರ ಒಂದು ಕಿಡಿ ಗಾಳಿಗೆ ಹಾರಿದರೆ ಪಕ್ಕದ ಹುಲ್ಲುಗುಡ್ಡವೇ ಹತ್ತಿಕೊಳ್ಳುತ್ತದೆ. ಹುಲ್ಲಿನ ಅಂಚಿನಲ್ಲಿ ಬೆಂಕಿ ರೇಖೆಯನ್ನೂ, ಅಂದರೆ ಬೆಂಕಿ ಹರಡದಂತೆ ಹುಲ್ಲು ಸವರಿದ ಪಟ್ಟಿಯನ್ನೂ, ತೆಗೆಯದೆ ಸೌದೆ ಒಟ್ಟಿದ್ದರೆ ಆ ಶಿಬಿರ ಬೇಡ.

ಮುಂಗಡ ಕೊಡುವ ಮುನ್ನ, ತಲುಪಿದ ಮೇಲೆ

ಫೋನಿನಲ್ಲಿ ಬಾಡಿಗೆಯ ಜೊತೆಗೆ ಇಷ್ಟನ್ನು ಕೇಳಿಕೊಳ್ಳಿ: ಡೇರೆಯಿಂದ ಮನೆಗೆ ಎಷ್ಟು ಹೆಜ್ಜೆ, ರಾತ್ರಿ ಯಾರು ಅಲ್ಲಿ ಉಳಿಯುತ್ತಾರೆ, ಯಾವ ಕಂಪನಿಯ ಮೊಬೈಲ್ ಸಂಕೇತ ಎಲ್ಲಿ ನಿಂತರೆ ಸಿಗುತ್ತದೆ, ಕೊನೆಯ ಎರಡು ಮೂರು ಕಿಲೋಮೀಟರ್ ರಸ್ತೆಯಲ್ಲಿ ಮಾಮೂಲಿ ಕಾರು ಹೋಗುತ್ತದೆಯೋ ಜೀಪೇ ಬೇಕೋ, ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ. ಕೊನೆಯ ಪ್ರಶ್ನೆ ಹಾವಿನ ಕಾರಣಕ್ಕೆ ಮುಖ್ಯ. ನಮ್ಮಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ಕಡಿತಕ್ಕೆ ತಯಾರಾದದ್ದು. ಮಲೆನಾಡಿನ ಕುಳಿಮಂಡಲಗಳ ಕಡಿತಕ್ಕೆ ಅದನ್ನು ನೆಚ್ಚಿಕೊಳ್ಳಲಾಗದು, ಆಸ್ಪತ್ರೆಯ ಆರೈಕೆಯೇ ಆಧಾರ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿಗೆ 1926 ಎಂಬ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಜಾಗ ತಲುಪುವುದು ಮಧ್ಯಾಹ್ನ ಮೂರರೊಳಗೆ ಆದರೆ ಒಳ್ಳೆಯದು. ಸಂಜೆ ಆರಕ್ಕೆ ಬಂದು ಇಳಿದವರಿಗೆ ಆಯ್ಕೆ ಉಳಿದಿರುವುದಿಲ್ಲ, ತೋರಿಸಿದಲ್ಲಿ ಮಲಗಬೇಕಾಗುತ್ತದೆ. ಸಾಮಾನು ಇಳಿಸುವ ಮೊದಲು ಡೇರೆಯ ಸುತ್ತ ಒಂದು ಸುತ್ತು ಹಾಕಿ, ಮೇಲೆ ಹೇಳಿದ ಗುರುತುಗಳನ್ನು ನೋಡಿ, ಡೇರೆಯಿಂದ ಮನೆಗೂ ಶೌಚಾಲಯಕ್ಕೂ ಹೋಗುವ ಹಾದಿಯನ್ನು ಮಕ್ಕಳ ಕೈಹಿಡಿದು ನಡೆಸಿ ತೋರಿಸಿ. ಕಾರನ್ನು ಹೊರದಾರಿಗೆ ಮುಖ ಮಾಡಿ ನಿಲ್ಲಿಸಿ. ಬಳಿಕ ಮನೆಯವರ ಬಳಿ ಹೋಗಿ, ‘ಯಜಮಾನರೇ, ರಾತ್ರಿ ಮಳೆ ಜೋರಾದರೆ ಅಥವಾ ಆನೆ ಸುದ್ದಿ ಬಂದರೆ ನಿಮ್ಮ ಜಗುಲಿಗೆ ಬಂದು ಮಲಗಬಹುದೇ?’ ಎಂದು ಕೇಳಿಟ್ಟುಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಇಲ್ಲವೆನ್ನುವವರು ಕಡಿಮೆ. ಇಲ್ಲವೆಂದರೆ, ಅಥವಾ ರಾತ್ರಿ ಅಲ್ಲಿ ಯಾರೂ ಇರುವುದಿಲ್ಲವೆಂದು ಗೊತ್ತಾದರೆ, ಕೊಟ್ಟ ಮುಂಗಡದ ಆಸೆ ಬಿಟ್ಟು ಬೆಳಕಿರುವಾಗಲೇ ಹತ್ತಿರದ ಪಟ್ಟಣದ ವಸತಿಗೃಹಕ್ಕೆ ಹೊರಟುಬಿಡಿ.